ಉಪನಿಧಿ ಮತ್ತು ಸೋರಿಹೋದ ಮಾಹಿತಿ

ಒಳಗೇನಿದೆಯೆಂದು ಹೇಳದೆ, ಪೆಟ್ಟಿಗೆಯಲ್ಲಿ ಮುಚ್ಚಿ ಮತ್ತೊಬ್ಬರ ಕೈಗೆ ಒಪ್ಪಿಸಿದ ವಸ್ತುವನ್ನು ಯಾಜ್ಞವಲ್ಕ್ಯ ಸ್ಮೃತಿಯು ‘ಉಪನಿಧಿ’ ಎನ್ನುತ್ತದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನ ಬರೆದದ್ದು ಈ ಸ್ಮೃತಿಗೇ. ಕಳ್ಳರು ಒಯ್ದ ಉಪನಿಧಿಗೆ ಇಟ್ಟುಕೊಂಡವನು ಹೊಣೆಯಲ್ಲ, ಆದರೆ ಅದನ್ನು ತನ್ನಿಚ್ಛೆಯಂತೆ ಬಳಸಿ ಬದುಕಿದವನು ದಂಡ ತೆತ್ತು ಲಾಭಸಹಿತ ಹಿಂದಿರುಗಿಸಬೇಕು ಎಂಬುದು ಅದರ ವಿಧಿ.

ಶಾಮನೂರಿನ ಗೃಹಿಣಿಯೊಬ್ಬರು ಸಿಮ್ ಕಾರ್ಡಿಗೆಂದು ಆಧಾರ್ ಸಂಖ್ಯೆ ಹೇಳಿ, ಸ್ಕ್ಯಾನರಿನ ಪುಟ್ಟ ಗಾಜಿನ ಮೇಲೆ ಹೆಬ್ಬೆರಳು ಒತ್ತಿದಾಗ ಒಪ್ಪಿಸುವುದೂ ಉಪನಿಧಿಯೇ. ಜನರ ಮಾಹಿತಿಯಿಂದಲೇ ವ್ಯಾಪಾರ ಬೆಳೆಸುವ ಕಂಪನಿಗೆ ‘ಕಳ್ಳರು ಒಯ್ದರು’ ಎಂಬ ಸಮರ್ಥನೆ ಸಲ್ಲದು. ಮೇಲಾಗಿ ಪಾಸ್‌ವರ್ಡನ್ನು ಬದಲಿಸಬಹುದು, ಹೆಬ್ಬೆರಳನ್ನು ಬದಲಿಸಲಾಗದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಸೋರಿದರೆ ಬಾಧಿತರಿಗೆ ತಿಳಿಸಬೇಕೆಂದು ವಿಧಿಸಿ, ಭದ್ರತೆಯಲ್ಲಿ ತಪ್ಪಿದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಗೊತ್ತುಮಾಡಿದೆ. ಆದರೆ ಆ ದಂಡ ಸೇರುವುದು ಭಾರತದ ಸಂಚಿತ ನಿಧಿಗೆ, ನೊಂದವರಿಗಲ್ಲ. ಒಡೆಯನಿಗೇ ಹಿಂದಿರುಗಿಸಬೇಕೆಂದ ಹಳೆಯ ಸ್ಮೃತಿಯು ಈ ಒಂದು ವಿಷಯದಲ್ಲಿ ಹೆಚ್ಚು ನ್ಯಾಯವಾಗಿತ್ತು. ಸದ್ಯಕ್ಕೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಡುವುದನ್ನೂ, ಖಾತೆಯಿಂದ ಹಣ ಹೋದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡುವುದನ್ನೂ ಯಾರೂ ಮರೆಯಬಾರದು.