ಬೈಗುಳದ ತೂಕ

ಇಂದಿನ ಚಿಂತನೆ ಸಮ್ಮಾ ವಾಚಾ, ಅಂದರೆ ಸಮ್ಯಕ್ ಮಾತಿನ ಬಗ್ಗೆ.

ಕಳೆದ ಭಾನುವಾರ ವಂದನೆ ಮುಗಿಸಿ ಎಲ್ಲರೂ ಚಹಾ ಕುಡಿಯುತ್ತಿದ್ದೆವು. ನಮ್ಮ ಹುಡುಗನೊಬ್ಬ ತಡವಾಗಿ ಬಂದ ಗೆಳೆಯನಿಗೆ ನಗುತ್ತಲೇ "ಬೋಳಿಮಗನೇ, ಎಲ್ಲೋ ಹೋಗಿದ್ದೆ?" ಎಂದ. ಪಕ್ಕದಲ್ಲಿದ್ದ ಅಕ್ಕನೊಬ್ಬರು ಲೋಟ ಕೆಳಗಿಟ್ಟರು. "ಅಕ್ಕ, ಇದೇನು ದೊಡ್ಡ ಮಾತಾ? ಫ್ರೆಂಡ್ಸು ಹಂಗೇ ಅನ್ಕೋತೀವಿ" ಎಂದ ಹುಡುಗ. ಅವರು ಮೆಲ್ಲಗೆ ಹೇಳಿದರು: "ಬೋಳಿ ಅಂದ್ರೆ ಯಾರು ಗೊತ್ತೇನಪ್ಪ? ಗಂಡ ಸತ್ತವಳು. ನಮ್ಮ ಯಜಮಾನರು ಹೋಗಿ ಆರು ವರ್ಷ ಆಯ್ತು. ನನ್ನ ಮಗನೂ ಇಲ್ಲೇ ಕೂತಿದ್ದಾನೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆ ಹುಡುಗನೇ ತನ್ನ ಕಥೆ ಹೇಳಿದ. ಅವನು ಕೆಲಸ ಮಾಡುವ ಕಡೆ ಊಟದ ಹೊತ್ತಿನಲ್ಲಿ ಒಬ್ಬರು "ನಿಮಗೇನಪ್ಪ, ಸರ್ಕಾರದ ಅಳಿಯಂದಿರು" ಎಂದರಂತೆ. ಉಳಿದವರು ನಕ್ಕರಂತೆ. "ಅದರಲ್ಲಿ ಒಂದು ಕೆಟ್ಟ ಪದವೂ ಇರಲಿಲ್ಲ. ಆದ್ರೂ ಮೂರು ದಿನ ನಿದ್ದೆ ಬರಲಿಲ್ಲ. ಬೋಳಿಮಗ ಅಂದಿದ್ರೆ ನಾನೂ ನಕ್ಕುಬಿಡ್ತಿದ್ದೆ" ಎಂದ.

ಒಬ್ಬರಿಗೆ ಗಾಯವಾದ ಪದ ಇನ್ನೊಬ್ಬರಿಗೆ ತಮಾಷೆ. ಒಬ್ಬರಿಗೆ ತಮಾಷೆಯಾದದ್ದು ಇನ್ನೊಬ್ಬರಿಗೆ ಮೂರು ರಾತ್ರಿಯ ನೋವು. ಹಾಗಾದರೆ ಬೈಗುಳದ ತೂಕ ಇರುವುದು ಎಲ್ಲಿ? ಪದದಲ್ಲೋ, ಆಡುವವನಲ್ಲೋ, ಕೇಳುವವನಲ್ಲೋ?

ಪದದಲ್ಲೇ ಇದೆ ಎನ್ನೋಣವೆಂದರೆ ಊರು ದಾಟಿದ ಕೂಡಲೇ ಲೆಕ್ಕ ತಪ್ಪುತ್ತದೆ. ಹಳೇ ಮೈಸೂರು ಕಡೆ ತಾಯಿ ಮಗುವಿಗೆ ಮುದ್ದಿನಿಂದಲೇ "ಮುಂಡೇದೇ" ಅನ್ನುತ್ತಾಳೆ. ಬೆಂಗಳೂರಿನಲ್ಲಿ "ಮಗಾ" ಗೆಳೆತನದ ಮಾತು. ಧಾರವಾಡ ಕಡೆ "ಮಗನ" ಎಂದು ಗಟ್ಟಿಯಾಗಿ ಅಂದರೆ ಜಗಳಕ್ಕೆ ಕರೆದ ಹಾಗೆ. ಇನ್ನು ಹಳ್ಳಿಯಲ್ಲಿ ಜಮೀನ್ದಾರರ ಮನೆಯ ಹತ್ತು ವರ್ಷದ ಹುಡುಗ ನಮ್ಮ ಅರವತ್ತು ವರ್ಷದ ತಾತನನ್ನು "ಏನ್ಲಾ, ಬಾರ್ಲಾ" ಎಂದು ಕರೆಯುತ್ತಿದ್ದುದು ನಮ್ಮಲ್ಲಿ ಎಷ್ಟೋ ಜನಕ್ಕೆ ನೆನಪಿದೆ. ಯಾವ ನಿಘಂಟೂ ಅದನ್ನು ಬೈಗುಳ ಅನ್ನುವುದಿಲ್ಲ. ಆದರೆ ತಾತ ತಲೆ ತಗ್ಗಿಸಿದ್ದನ್ನು ನೋಡಿದವರಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಭಗವಾನ್ ಬುದ್ಧರ ಸಂಘದಲ್ಲಿಯೂ ಈ ಪ್ರಶ್ನೆ ಬಂದಿತ್ತು. ವಿನಯ ಪಿಟಕದಲ್ಲಿ ಅವಹೇಳನದ ಮಾತನ್ನು ತಪ್ಪು ಎನ್ನುವ ಒಂದು ನಿಯಮವಿದೆ. ಮನುಷ್ಯರು ಒಬ್ಬರನ್ನೊಬ್ಬರು ಹತ್ತು ಬಗೆಯಲ್ಲಿ ಹಂಗಿಸುತ್ತಾರೆ ಎಂದು ಅಲ್ಲಿ ಪಟ್ಟಿ ಮಾಡಿದೆ. ಹುಟ್ಟು, ಹೆಸರು, ಗೋತ್ರ, ಕೆಲಸ, ಕಸುಬು, ಕಾಯಿಲೆ, ಮೈಯ ಲಕ್ಷಣ, ಮನಸ್ಸಿನ ಕ್ಲೇಶ, ಮಾಡಿದ ತಪ್ಪು, ಕೊನೆಗೆ ನೇರ ಬೈಗುಳ. ಕತ್ತೆ, ಒಂಟೆ, ಎತ್ತು ಎನ್ನುವ ಬೈಗುಳಗಳು ಬರುವುದು ಹತ್ತನೆಯದರಲ್ಲಿ. ಪಟ್ಟಿಯ ಮೊದಲಿಗೆ ಇರುವುದು ಹುಟ್ಟು. ಚಂಡಾಲ, ಪುಕ್ಕುಸ ಮುಂತಾದ ಹೆಸರುಗಳು ಅಲ್ಲಿವೆ.

ಇದರಲ್ಲಿ ಮೂರು ವಿಷಯ ಗಮನಿಸಬೇಕು.

ಒಂದು: ಯಾವ ಹೆಸರು, ಯಾವ ಕೆಲಸ ಕೀಳು ಎಂದು ಹೇಳುವಾಗ, ಆಯಾ ಜನಪದದಲ್ಲಿ ಜನ ಯಾವುದನ್ನು ತಿರಸ್ಕರಿಸುತ್ತಾರೋ ಅದು ಎಂದು ಸೇರಿಸಿದ್ದಾರೆ. ಅಂದರೆ ಕೀಳುತನ ಕೆಲಸದಲ್ಲಿ ಇಲ್ಲ, ನೋಡುವ ಜನರ ಕಣ್ಣಿನಲ್ಲಿದೆ. ಊರು ಬದಲಾದರೆ ಬೈಗುಳವೂ ಬದಲಾಗುತ್ತದೆ ಎಂಬುದು ಅವರಿಗೆ ತಿಳಿದಿತ್ತು.

ಎರಡು: ಹಂಗಿಸುವ ಉದ್ದೇಶ ಇದ್ದರೆ "ಮೇಲಿನ" ಪದದಿಂದ ಕರೆದರೂ ತಪ್ಪೇ. ನಮ್ಮ ಹುಡುಗನ ಮೂರು ರಾತ್ರಿಗೆ ಉತ್ತರ ಇಲ್ಲಿದೆ. ಅಳಿಯ ಎಂಬುದು ಗೌರವದ ಪದ. ಅದನ್ನೇ ಕಲ್ಲು ಮಾಡಿ ಎಸೆದರು. ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥೆಗೆ "ಗವರ್ನಮೆಂಟ್ ಬ್ರಾಹ್ಮಣ" ಎಂದು ಹೆಸರಿಟ್ಟದ್ದೂ ಇಂಥದೇ ಒಂದು ಕಲ್ಲನ್ನು ಕೈಯಲ್ಲಿ ಹಿಡಿದು ತೋರಿಸಲು.

ಮೂರು: ತಮಾಷೆಗೆ ಅಂದರೆ ತಪ್ಪು ಸಣ್ಣದಾಗುತ್ತದೆ, ಆದರೆ ಇಲ್ಲವಾಗುವುದಿಲ್ಲ. ಅದಕ್ಕೆ "ದುಬ್ಭಾಸಿತ" ಎಂಬ ಬೇರೆ ಹೆಸರಿಟ್ಟಿದ್ದಾರೆ, ಕೆಟ್ಟದಾಗಿ ಆಡಿದ ಮಾತು ಎಂದು ಅರ್ಥ.

ಇನ್ನೊಂದು ಪ್ರಸಂಗ ಉದಾನದಲ್ಲಿದೆ. ಪಿಲಿಂದವಚ್ಛ ಎಂಬ ಭಿಕ್ಖು ಜೊತೆಯ ಭಿಕ್ಖುಗಳನ್ನು "ವಸಲ" ಎಂದು ಕರೆಯುತ್ತಿದ್ದರು. ವಸಲ ಎಂದರೆ ಅಂದಿನ ಮಾತಿನಲ್ಲಿ ಹೊರಗಿನವನು, ಕೀಳು ಹುಟ್ಟಿನವನು. ಭಿಕ್ಖುಗಳು ದೂರು ಕೊಟ್ಟರು. ಬುದ್ಧರು ಅವರನ್ನು ಕರೆಸಿ ಕೇಳಿದರು, ಅವರು ಹೌದು ಎಂದು ಒಪ್ಪಿದರು. ಆಗ ಬುದ್ಧರು, ಈತನ ಒಳಗೆ ದ್ವೇಷವಿಲ್ಲ, ಐನೂರು ಜನ್ಮ ಬ್ರಾಹ್ಮಣನಾಗಿ ಹುಟ್ಟಿ ಬಂದ ರೂಢಿ ಇದು ಎಂದರಂತೆ.

ಜನ್ಮಗಳ ಲೆಕ್ಕ ಪಕ್ಕಕ್ಕಿಡೋಣ. ತಲೆತಲಾಂತರದ ರೂಢಿ ನಾಲಿಗೆಯ ಮೇಲೆ ಕೂತಿರುತ್ತದೆ ಎಂಬ ಮಾತಂತೂ ನಿಜ. ಮೊದಲ ಸಲ ಈ ಕಥೆ ಓದಿದಾಗ ನನಗೆ ಸಮಾಧಾನ ಆಗಲಿಲ್ಲ. ಆತನಿಗೆ ದ್ವೇಷ ಇಲ್ಲದಿರಬಹುದು, ಕೇಳಿಸಿಕೊಂಡವರ ನೋವಿಗೆ ಏನು ಉತ್ತರ ಅನಿಸಿತು. ಮತ್ತೆ ಮತ್ತೆ ಓದಿದಾಗ ಹೊಳೆದದ್ದು ಇಷ್ಟು. ನಾವು ಎರಡು ಬೇರೆ ಅಳತೆಗಳನ್ನು ಕಲಸುತ್ತಿದ್ದೇವೆ. ಆಡಿದವನ ತಪ್ಪನ್ನು ಅವನ ಚೇತನದಿಂದ, ಅಂದರೆ ಉದ್ದೇಶದಿಂದ ಅಳೆಯಬೇಕು. ಕೇಳಿದವನ ನೋವನ್ನು ಅವನು ನಿಂತ ಜಾಗದಿಂದ ಅಳೆಯಬೇಕು. "ನನಗೆ ಕೆಟ್ಟ ಉದ್ದೇಶ ಇರಲಿಲ್ಲ" ಎಂಬುದು ಮೊದಲನೆಯದಕ್ಕೆ ಉತ್ತರ, ಎರಡನೆಯದಕ್ಕೆ ಅಲ್ಲ. "ನನಗೆ ನೋವಾಯಿತು" ಎಂದ ಮಾತ್ರಕ್ಕೆ ಎದುರಿನವನು ದುಷ್ಟ ಎಂದೂ ಆಗುವುದಿಲ್ಲ. ಭಾನುವಾರ ಅಕ್ಕ ಒಂದು ಅಳತೆ ಹಿಡಿದಿದ್ದರು, ಹುಡುಗ ಇನ್ನೊಂದನ್ನು.

ಆದರೆ ರೂಢಿಯ ನೆಪ ಒಂದು ಸಲ ಮಾತ್ರ ನಡೆಯುತ್ತದೆ. ನೋವಾಗುತ್ತದೆ ಎಂದು ಹೇಳಿದ ಮೇಲೂ ಅದೇ ಪದ ಆಡಿದರೆ ಅದು ರೂಢಿಯಲ್ಲ, ಉದ್ದೇಶ. 1938ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಇದನ್ನೇ ತೋರಿಸಿದರು. "ಹರಿಜನ" ಎಂಬ ಪದವನ್ನು ಕಾನೂನಿನಲ್ಲಿ ಸೇರಿಸಲು ಹೊರಟಾಗ ವಿರೋಧಿಸಿದರು. ಕೇಳದೆ ಹೋದಾಗ ತಮ್ಮ ಪಕ್ಷದವರೊಂದಿಗೆ ಸಭೆಯಿಂದ ಹೊರನಡೆದರು. ಇಟ್ಟವರು ಪ್ರೀತಿಯ ಹೆಸರು ಎಂದರು. ಹೊರಬೇಕಾದವರು ಬೇಡ ಎಂದರು. ಹೆಸರಿನ ವಿಷಯದಲ್ಲಿ ಹೊರುವವನ ಮಾತೇ ಕೊನೆಯ ಮಾತು.

ಅದೇ ಕಾರಣಕ್ಕೆ 1975ರಲ್ಲಿ ಸಿದ್ಧಲಿಂಗಯ್ಯನವರು ಪುಸ್ತಕಕ್ಕೆ "ಹೊಲೆಮಾದಿಗರ ಹಾಡು" ಎಂದು ಹೆಸರಿಟ್ಟಾಗ ನಮ್ಮ ಎದೆ ಉಬ್ಬಿತು. ಅದೇ ಪದವನ್ನು ಬೀದಿಯಲ್ಲಿ ಒಬ್ಬ ಉಗಿದಂತೆ ಅಂದರೆ ರಕ್ತ ಕುದಿಯುತ್ತದೆ. ಅಕ್ಷರ ಒಂದೇ, ಆಡುವ ಬಾಯಿ ಬೇರೆ. ಇದರಲ್ಲಿ ವಿರೋಧಾಭಾಸ ಏನೂ ಇಲ್ಲ. ನಮ್ಮವರಲ್ಲೂ ಕೆಲವರಿಗೆ ಆ ಹೆಸರು ಎಲ್ಲಿ ಕೇಳಿದರೂ ನೋವು. ಬೌದ್ಧರಾದ ಮೇಲೆ ಅದೇಕೆ ಎನ್ನುವವರೂ ಇದ್ದಾರೆ. ಅವರ ಮಾತಿಗೂ ಜಾಗ ಇರಲಿ.

ಈಗ ನಮ್ಮ ಮನೆಯೊಳಗೆ ಬರೋಣ. ನನ್ನ ತಪ್ಪನ್ನೇ ಹೇಳುತ್ತೇನೆ. ಮಗ ಚಿಕ್ಕವನಿದ್ದಾಗ ಸಿಟ್ಟು ಬಂದರೆ ನಾನು ಅವನನ್ನು "ಚಂಡಾಲ" ಎಂದು ಬೈಯುತ್ತಿದ್ದೆ. ನಮ್ಮಪ್ಪನೂ ನನಗೆ ಹಾಗೇ ಬೈದಿದ್ದರು. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಬಾಯಲ್ಲಿ ನಮ್ಮ ಹಿರಿಯರನ್ನೇ ಊರ ಹೊರಗಿಟ್ಟ ಪದ! ಬೋಳಿಮಗ ಎಂಬುದೂ ಅಷ್ಟೇ. ವಿಧವೆಯ ತಲೆ ಬೋಳಿಸುವುದು ಮೇಲ್ಜಾತಿಯ ಮನೆಗಳ ಕ್ರೂರ ಪದ್ಧತಿಯಾಗಿತ್ತು. ಪದ್ಧತಿ ಹೋಯಿತು, ಬೈಗುಳ ಉಳಿಯಿತು, ಅದನ್ನು ನಾವೂ ಎತ್ತಿಕೊಂಡೆವು. ಗಂಡಸರು ಜಗಳ ಆಡುತ್ತಾರೆ, ಏಟು ಬೀಳುವುದು ಅಲ್ಲಿ ಇಲ್ಲದ ತಾಯಿಗೆ.

ಹಾಗಾದರೆ ಬೈದವರಿಗೆ ಏನು ಮಾಡಬೇಕು? ಅಕ್ಕೋಸ ಸುತ್ತದಲ್ಲಿ ಬುದ್ಧರು ಬೈದ ಬ್ರಾಹ್ಮಣನಿಗೆ ಕೇಳುತ್ತಾರೆ: ಅತಿಥಿ ಉಣ್ಣದೆ ಬಿಟ್ಟ ಊಟ ಯಾರಿಗೆ ಸೇರಿದ್ದು? ಮನೆಯವನಿಗೇ. ಬೈಗುಳವೂ ಹಾಗೆ. ಆದರೆ ಇದನ್ನು ಸುಮ್ಮನಿರುವ ಉಪದೇಶ ಎಂದು ತಿಳಿಯಬಾರದು. ವಸಲ ಸುತ್ತದಲ್ಲಿ ಇನ್ನೊಬ್ಬ ಬ್ರಾಹ್ಮಣ ಬುದ್ಧರನ್ನೇ ವಸಲ ಎಂದು ತಡೆದು ನಿಲ್ಲಿಸಿದ. ಬುದ್ಧರು ತಿರುಗಿ ಬೈಯಲಿಲ್ಲ, ತಲೆ ತಗ್ಗಿಸಿ ಹೋಗಲೂ ಇಲ್ಲ. ವಸಲ ಅಂದರೆ ಯಾರು ಎಂದು ನಿನಗೆ ಗೊತ್ತೇ ಎಂದು ಕೇಳಿ, ಹುಟ್ಟಿನಿಂದಲ್ಲ, ನಡತೆಯಿಂದ ಎಂದು ಅಲ್ಲೇ ಪಾಠ ಮಾಡಿದರು. ಊಟದ ಮೇಜಿನ ಮುಂದೆ ನಮ್ಮ ಹುಡುಗನೂ ಕೇಳಬಹುದು: "ಅಳಿಯ ಅಂದರೇನು ಸರ್? ಸ್ವಲ್ಪ ಬಿಡಿಸಿ ಹೇಳಿ." ಸಾರ್ವಜನಿಕವಾಗಿ ಜಾತಿ ಹೆಸರೆತ್ತಿ ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಅದನ್ನು ಬಳಸುವುದು ದ್ವೇಷವಲ್ಲ, ಹಕ್ಕು.

ಕಾನೂನು ನಾಲ್ಕು ಜನರ ಮುಂದೆ ಆಡಿದ್ದನ್ನು ಕೇಳುತ್ತದೆ. ಶೀಲ ಅಡುಗೆಮನೆಯಲ್ಲಿ, ಸ್ನೇಹಿತರ ಗುಂಪಿನಲ್ಲಿ ಆಡಿದ್ದನ್ನೂ ಕೇಳುತ್ತದೆ. "ಬುದ್ಧ ಮತ್ತು ಆತನ ಧಮ್ಮ"ದಲ್ಲಿ ಬಾಬಾಸಾಹೇಬರು, ಸಿಟ್ಟಿನ ಮತ್ತು ಬೈಗುಳದ ಮಾತು ಆಡದಿರುವುದನ್ನೂ ಸಮ್ಯಕ್ ಮಾತಿನಲ್ಲಿ ಸೇರಿಸಿದ್ದಾರೆ. ಅದು ಮೇಲಿನವರ ಭಯದಿಂದಾಗಲಿ, ಲಾಭದ ಆಸೆಯಿಂದಾಗಲಿ ಪಾಲಿಸುವುದಲ್ಲ ಎಂದೂ ಹೇಳಿದ್ದಾರೆ.

ಭಾನುವಾರ ಹೊರಡುವಾಗ ಹುಡುಗ ಅಕ್ಕನ ಹತ್ತಿರ ಹೋಗಿ "ಗೊತ್ತಿರಲಿಲ್ಲ ಅಕ್ಕ" ಎಂದ. "ಈಗ ಗೊತ್ತಾಯ್ತಲ್ಲ" ಎಂದರು ಅವರು.

*ಇಂದಿನ ಅಭ್ಯಾಸ:* ನಾವು ಯೋಚಿಸದೆ ಆಡುವ ಒಂದು ಬೈಗುಳವನ್ನು ಆರಿಸಿಕೊಳ್ಳೋಣ. ಅದು ಯಾರ ಹುಟ್ಟನ್ನು, ಯಾರ ತಾಯಿಯನ್ನು, ಯಾರ ಕಾಯಿಲೆಯನ್ನು ತುಳಿದು ನಿಂತಿದೆ ಎಂದು ನೋಡೋಣ. ಇಂದು ಒಂದು ದಿನ ಅದನ್ನು ಆಡದೆ ಇರೋಣ.

ಸರ್ವರಿಗೂ ಮಂಗಳವಾಗಲಿ.
ಜೈ ಭೀಮ್. ನಮೋ ಬುದ್ಧಾಯ.