ಕೀಲಿಕೈ ಕೊಟ್ಟರೆ ಸಾಕೇ?



ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹರಾಜಾಗಿ ನಾಲ್ಕು ಕಾಸು ಕೈಗೆ ಬಂದಾಗ, ಕೃಷ್ಣರಾಜನಗರದ ನಾಲೆ ಬಯಲಿನಲ್ಲಿ ಭತ್ತದ ಒಕ್ಕಣೆ ಮುಗಿದಾಗ, ನಮ್ಮ ಎಷ್ಟೋ ಮನೆಗಳಲ್ಲಿ ಟ್ರ್ಯಾಕ್ಟರಿನ ಮಾತು ಏಳುತ್ತದೆ. ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಆದ್ದರಿಂದ ಯಾರೋ ಹತ್ತಾರು ವರ್ಷ ಉತ್ತು ಬಿಟ್ಟ ಹಳೆಯ ಗಾಡಿ ಮನೆಗೆ ಬರುತ್ತದೆ. ದೇವಾಲಯದ ಮುಂದೆ ನಿಲ್ಲಿಸಿ, ಗುರುಗಳಿಂದ ಆಶೀರ್ವಾದ ಪಡೆದು, ಪವಿತ್ರ ಜಲ ಪ್ರೋಕ್ಷಿಸಿ, ನೆರೆಹೊರೆಗೆ ಸಿಹಿ ಹಂಚುತ್ತೇವೆ. ಇದೆಲ್ಲ ಆಗಬೇಕಾದದ್ದೇ. ಆದರೆ ಮರುದಿನ ಆ ಗಾಡಿಯ ಸೀಟಿನ ಮೇಲೆ ಕೂರುವವರ ಕಷ್ಟವನ್ನು ಸ್ವಲ್ಪ ಯೋಚಿಸಿ ನೋಡಿ.

ಬಲಗಾಲಿನ ಬಳಿ ಬ್ರೇಕಿಗೆ ಒಂದಲ್ಲ, ಎರಡು ಪೆಡಲುಗಳು. ಹಿಮ್ಮಡಿಯ ಹತ್ತಿರ ಇನ್ನೊಂದು ಪುಟ್ಟ ಪೆಡಲ್. ಪಕ್ಕದಲ್ಲಿ ಹೈಡ್ರಾಲಿಕ್ಕಿನ ಎರಡು ಲಿವರ್. ಒಂದು ನೇಗಿಲನ್ನು ಎತ್ತಿ ಇಳಿಸುತ್ತದೆ, ಇನ್ನೊಂದು ಏನು ಮಾಡುತ್ತದೋ ತಿಳಿಯದು. ಹಿಂದಿನ ಪಿ.ಟಿ.ಒ. ದಂಡವನ್ನು ತಿರುಗಿಸುವ ಲಿವರ್ ಬೇರೆ. ಎದುರಿನ ಫಲಕದಲ್ಲಿ ಕಂಪನಿಯವರು ಇಡದ ಎರಡು ಸ್ವಿಚ್ಚುಗಳಿವೆ. ಮೇಲೆ ಬರಹವಿಲ್ಲ. ಅವುಗಳಿಂದ ಹೊರಟ ತಂತಿ ಟೇಪು ಸುತ್ತಿಕೊಂಡು ಎಲ್ಲಿಗೋ ಹೋಗಿದೆ. ಕಂಪನಿಯ ಕೈಪಿಡಿ ಮೊದಲ ಯಜಮಾನರ ಮನೆಯ ಅಟ್ಟದಲ್ಲೇ ಉಳಿದಿದೆ. ಗಾಡಿ ನಮ್ಮದಾಯಿತು, ಅದರ ತಿಳಿವಳಿಕೆ ಇನ್ನೂ ಅವರದೇ.

ಇದು ನಮ್ಮ ಊರಿನ ಪಾಡು ಮಾತ್ರವಲ್ಲ. ಅಮೆರಿಕ, ಯೂರೋಪುಗಳಲ್ಲಿ ಮೋಟಾರ್‌ಹೋಮ್ ಎಂಬ ವಾಹನಗಳುಂಟು. ಹಾಸಿಗೆ, ಗ್ಯಾಸ್ ಒಲೆ, ನೀರಿನ ಟ್ಯಾಂಕು, ಎರಡು ಬಗೆಯ ವಿದ್ಯುತ್ತು, ಎಲ್ಲವನ್ನೂ ಹೊತ್ತು ಓಡುವ ಮನೆಗಳು ಅವು. ಹಳೆಯದನ್ನು ಕೊಂಡ ಕುಟುಂಬ ಅಲ್ಲಿಯೂ ಹೀಗೆಯೇ, ಯಾವ ಸ್ವಿಚ್ಚು ಯಾವುದಕ್ಕೆ ಎಂದು ತಡಕಾಡುತ್ತದೆ. ದೇಶ ಬೇರೆ, ವಾಹನ ಬೇರೆ, ಪ್ರಶ್ನೆ ಒಂದೇ. ಒಂದು ವಸ್ತುವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವಾಗ, ಆ ವಸ್ತುವಿನ ಬಗ್ಗೆ ನಮಗೆ ಗೊತ್ತಿರುವುದನ್ನೂ ಒಪ್ಪಿಸುವ ಹೊಣೆ ನಮ್ಮ ಮೇಲಿದೆಯೇ? ಅಥವಾ ಹಣ ಎಣಿಸಿ, ಕೀಲಿಕೈ ಕೊಟ್ಟ ಕ್ಷಣಕ್ಕೆ ನಮ್ಮ ಋಣ ತೀರಿತೇ?

ಕಾನೂನು ತನ್ನ ಮಟ್ಟಿಗೆ ಉತ್ತರ ಕೊಡುತ್ತದೆ. ನಮೂನೆ ೨೯, ನಮೂನೆ ೩೦ ತುಂಬಿ ಸಹಿ ಹಾಕಿದರೆ ಆರ್.ಸಿ.ಯಲ್ಲಿ ಹೆಸರು ಬದಲಾಗುತ್ತದೆ. ಆ ನಮೂನೆಗಳಲ್ಲಿ ಎಂಜಿನ್ ನಂಬರು, ಚಾಸಿ ನಂಬರು ಎಲ್ಲ ಬರೆಯಬೇಕು. ‘ಈ ಗಾಡಿಯಲ್ಲಿ ಜೀವಕ್ಕೆ ಅಪಾಯವಾಗುವುದು ಏನಾದರೂ ಇದೆಯೇ?’ ಎಂದು ಕೇಳುವ ಕಾಲಂ ಇಲ್ಲ. ೧೯೩೦ರ ಸರಕು ಮಾರಾಟ ಕಾಯ್ದೆಯೂ, ಕೊಳ್ಳುವವನೇ ಎಚ್ಚರವಾಗಿರಲಿ ಎಂಬ ಹಳೆಯ ತತ್ತ್ವಕ್ಕೆ, ಕೆಲವು ಹೊರತುಗಳನ್ನಿಟ್ಟು, ಜಾಗ ಕೊಟ್ಟಿದೆ. ಆದರೆ ಕಾನೂನಿನ ಕಾಲಂ ಮುಗಿದಲ್ಲಿ ಮನಸ್ಸಾಕ್ಷಿಯ ಕೆಲಸ ಮುಗಿಯುವುದಿಲ್ಲ.

ಆ ಎರಡು ಬ್ರೇಕ್ ಪೆಡಲುಗಳನ್ನೇ ತೆಗೆದುಕೊಳ್ಳಿ. ಗದ್ದೆಯ ಮೂಲೆಯಲ್ಲಿ ಗಾಡಿಯನ್ನು ಚಿಕ್ಕ ಜಾಗದಲ್ಲಿ ತಿರುಗಿಸಲು ಒಂದು ಕಡೆಯ ಚಕ್ರವನ್ನಷ್ಟೇ ಹಿಡಿದು ನಿಲ್ಲಿಸಬೇಕಾಗುತ್ತದೆ. ಅದಕ್ಕಾಗಿ ಎಡಕ್ಕೊಂದು, ಬಲಕ್ಕೊಂದು ಪೆಡಲ್ ಇದೆ. ಆದರೆ ರಸ್ತೆಗೆ ಬಂದಾಗ ಈ ಎರಡನ್ನೂ ಒಂದು ಸಣ್ಣ ಕೊಂಡಿಯಿಂದ ಸೇರಿಸಲೇಬೇಕು. ಸೇರಿಸದೆ ವೇಗದಲ್ಲಿ ಒಂದನ್ನೇ ತುಳಿದರೆ ಒಂದು ಕಡೆಯ ಚಕ್ರ ಮಾತ್ರ ನಿಂತು ಗಾಡಿ ಹೊರಳಬಹುದು. ಟ್ರೇಲರಿನಲ್ಲಿ ಜನರನ್ನು ಕೂರಿಸಬಾರದೆಂದು ಗೊತ್ತಿದ್ದರೂ ಜಾತ್ರೆಗೋ ಮದುವೆಗೋ ಹೆಂಗಸರು ಮಕ್ಕಳನ್ನು ತುಂಬಿಕೊಂಡು ಹೋಗುವುದನ್ನು ನೀವೂ ಕಂಡಿದ್ದೀರಿ. ಹಳೆಯ ಯಜಮಾನರಿಗೆ ಆ ಕೊಂಡಿ ಮುರಿದಿರುವುದು ಗೊತ್ತು. ಅವರು ಎರಡನ್ನೂ ಒಟ್ಟಿಗೆ ತುಳಿಯುವ ಅಭ್ಯಾಸ ಮಾಡಿಕೊಂಡಿದ್ದಾರೆ. ಹೊಸಬರಿಗೆ ಅಲ್ಲಿ ಒಂದು ಕೊಂಡಿ ಇರಬೇಕಿತ್ತೆಂಬುದೇ ಗೊತ್ತಿಲ್ಲ. ಇಲ್ಲಿ ಹೇಳದೆ ಬಿಟ್ಟ ಒಂದು ಮಾತಿನ ಬೆಲೆ ಎಷ್ಟು, ನೀವೇ ಹೇಳಿ.

ಇನ್ನೊಂದು ಉದಾಹರಣೆ. ಗೇರಿನಲ್ಲಿದ್ದಾಗ ಎಂಜಿನ್ ಚಾಲೂ ಆಗದಂತೆ ತಡೆಯುವ ಒಂದು ಸ್ವಿಚ್ಚು ಅನೇಕ ಟ್ರ್ಯಾಕ್ಟರುಗಳಲ್ಲಿದೆ. ಅದು ಕೆಟ್ಟಾಗ ಹೊಸದನ್ನು ಹಾಕುವ ಬದಲು ತಂತಿಯನ್ನು ನೇರವಾಗಿ ಜೋಡಿಸಿಬಿಡುವುದುಂಟು. ಆಮೇಲೆ ಗಾಡಿ ಯಾವ ತೊಂದರೆಯೂ ಇಲ್ಲದೆ ಚಾಲೂ ಆಗುತ್ತದೆ. ಆದರೆ ಒಂದು ದಿನ ಗೇರಿನಲ್ಲಿ ನಿಂತಿದ್ದ ಗಾಡಿಯ ಪಕ್ಕದಲ್ಲಿ ನೆಲದ ಮೇಲೆ ನಿಂತೇ ಯಾರಾದರೂ ಕೀ ತಿರುಗಿಸಿದರೆ ಅದು ಅವರ ಮೇಲೆಯೇ ನುಗ್ಗುತ್ತದೆ. ಪಿ.ಟಿ.ಒ. ದಂಡವೋ, ಸಾಮಾನ್ಯವಾಗಿ ನಿಮಿಷಕ್ಕೆ ೫೪೦ ಸುತ್ತು, ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಅದರ ಮೇಲಿನ ಮುಚ್ಚಳ ಕಳಚಿದ್ದರೆ ಸೆರಗೋ ಪಂಚೆಯೋ ಸಿಕ್ಕಿಕೊಂಡಾಗ ಎಳೆದುಕೊಳ್ಳಲು ಸಮಯವಿರುವುದಿಲ್ಲ.

೧೩ನೆಯ ಶತಮಾನದಲ್ಲಿ ಬಾಳಿದ ಸಂತ ಥಾಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ ಥಿಯೊಲೊಜಿಯಾ’ ಗ್ರಂಥದಲ್ಲಿ ಕೊಳ್ಳುವ, ಮಾರುವ ವಿಷಯಕ್ಕೆಂದೇ ಒಂದು ಪ್ರಶ್ನೆಯನ್ನು ಮೀಸಲಿಟ್ಟಿದ್ದಾರೆ. ಎರಡನೆಯ ಭಾಗದ ಉತ್ತರಾರ್ಧದ ೭೭ನೆಯ ಪ್ರಶ್ನೆ ಅದು. ಮಾರುವ ವಸ್ತುವಿನ ದೋಷವನ್ನು ಹೇಳಲೇಬೇಕೇ ಎಂದು ಅಲ್ಲಿ ವಿಚಾರಿಸುತ್ತಾರೆ. ಅವರ ಉತ್ತರ ಬಹಳ ಸಮತೋಲನದ್ದು. ಕುದುರೆಗೆ ಒಂದೇ ಕಣ್ಣಿದೆ ಎಂಬಂಥ ಎದ್ದು ಕಾಣುವ ದೋಷವಾದರೆ, ಅದಕ್ಕೆ ತಕ್ಕಂತೆ ಬೆಲೆ ಇಳಿಸಿದ್ದರೆ, ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆದರೆ ದೋಷ ಮರೆಯಾಗಿದ್ದು, ಅದರಿಂದ ಕೊಂಡವರಿಗೆ ನಷ್ಟವೋ ಅಪಾಯವೋ ಆಗುವಂತಿದ್ದರೆ ಹೇಳಲೇಬೇಕು, ಹೇಳದಿರುವುದು ಅನ್ಯಾಯ. ಕುಸಿಯಲಿರುವ ಮನೆಯನ್ನು ಗಟ್ಟಿ ಮನೆಯೆಂದು ಮಾರುವುದನ್ನು ಅವರು ಇದಕ್ಕೆ ಉದಾಹರಣೆ ಕೊಡುತ್ತಾರೆ. ಈ ಅಳತೆಯಿಂದ ನೋಡಿದರೆ, ತುಕ್ಕು ಹಿಡಿದ ಮಡ್‌ಗಾರ್ಡನ್ನು ಹೇಳದಿದ್ದರೂ ನಡೆದೀತು. ನೇರ ಜೋಡಿಸಿದ ಆ ತಂತಿಯನ್ನು ಹೇಳದಿದ್ದರೆ ನಡೆಯದು.

ಪವಿತ್ರ ಗ್ರಂಥ ಇನ್ನೂ ಹಿಂದೆಯೇ ಈ ದಾರಿ ತೋರಿಸಿದೆ. ವಿಮೋಚನಕಾಂಡದ ೨೧ನೆಯ ಅಧ್ಯಾಯ ತೆರೆದು ನೋಡಿ. ಹಾಯುವ ಎತ್ತಿನ ಸ್ವಭಾವ ಯಜಮಾನನಿಗೆ ಮೊದಲೇ ತಿಳಿದಿದ್ದೂ ಅವನು ಕಟ್ಟಿಹಾಕದಿದ್ದರೆ, ಆಗುವ ಸಾವಿಗೆ ಎತ್ತಿನ ಜೊತೆ ಅವನೂ ಹೊಣೆ. ಗುಂಡಿ ತೋಡಿ ಮುಚ್ಚದೆ ಬಿಟ್ಟವನು, ಅದರಲ್ಲಿ ಬಿದ್ದ ದನಕ್ಕೆ ಬೆಲೆ ಕಟ್ಟಿಕೊಡಬೇಕು. ಯಾಜಕಕಾಂಡವೋ, ಕುರುಡನ ದಾರಿಯಲ್ಲಿ ಎಡವುಗಲ್ಲು ಇಡುವುದನ್ನು ನಿಷೇಧಿಸುತ್ತದೆ. ಗಮನಿಸಿ, ಇಲ್ಲೆಲ್ಲ ಹೊಣೆ ಹೊರುವವನು ಗೊತ್ತಿದ್ದವನು. ಹೊಸ ಗಾಡಿಯ ಸೀಟಿನ ಮೇಲೆ ಕುಳಿತ ಮನುಷ್ಯ ಆ ದಿನದ ಮಟ್ಟಿಗೆ ಕುರುಡನೇ. ಅವನ ದಾರಿಯಲ್ಲಿ ಕಲ್ಲು ಎಲ್ಲಿದೆಯೆಂದು ನಮಗೆ ಗೊತ್ತಿದೆ. ಅದನ್ನು ನಾವು ಅಲ್ಲಿ ಇಡಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲು ಬರುವುದಿಲ್ಲ.

‘ಅವರು ಕೇಳಲಿಲ್ಲ, ನಾನು ಹೇಳಲಿಲ್ಲ’ ಎನ್ನುವವರುಂಟು. ಇಲ್ಲದ ಕೊಂಡಿಯ ಬಗ್ಗೆ ಕೇಳಬೇಕೆಂದು ಗೊತ್ತಿಲ್ಲದವರು ಹೇಗೆ ಕೇಳಿಯಾರು? ‘ಹೇಳಿದರೆ ಐದಾರು ಸಾವಿರ ಕಡಿಮೆ ಮಾಡುತ್ತಾರೆ’ ಎನ್ನುವವರೂ ಉಂಟು. ಕಡಿಮೆಯಾಗಲಿ, ಆ ಐದಾರು ಸಾವಿರ ನಿಜವಾಗಿ ನಮಗೆ ಸೇರಿದ್ದಲ್ಲ. ‘ನಡುವೆ ದಳ್ಳಾಳಿ ಇದ್ದ, ಕೊಂಡವರ ಮುಖವನ್ನೇ ನಾನು ನೋಡಲಿಲ್ಲ’ ಎನ್ನುವ ಮಾತೂ ಕೇಳಿಬರುತ್ತದೆ. ಮುಖ ನೋಡದಿದ್ದರೂ ಆರ್.ಸಿ.ಯಲ್ಲಿ ಹೆಸರು ವಿಳಾಸ ಇರುತ್ತದೆ, ಇಂದು ಎಲ್ಲರ ಜೇಬಿನಲ್ಲೂ ಫೋನಿದೆ.

ಆದರೆ ಒಂದು ಕಷ್ಟದ ಸಂದರ್ಭವಿದೆ. ಅದನ್ನು ಮರೆಯುವುದು ನ್ಯಾಯವಲ್ಲ. ಸಾಲದ ಕಂತು ಕಟ್ಟಲಾಗದೆ ಗಾಡಿಯನ್ನು ಕಳೆದುಕೊಂಡ ರೈತನೊಬ್ಬನನ್ನು ನೆನೆಯಿರಿ. ಮಳೆ ಕೈಕೊಟ್ಟಿತು, ಬೆಲೆ ಬಿತ್ತು. ಒಂದು ಬೆಳಿಗ್ಗೆ ಸಾಲ ಕೊಟ್ಟವರು ಬಂದು ಅವನ ಅಂಗಳದಿಂದಲೇ ಗಾಡಿ ಎಳೆದುಕೊಂಡು ಹೋದರು. ಹರಾಜಿನಲ್ಲಿ ಬೇರೊಬ್ಬರು ಕೊಂಡರು. ಅವನು ಮಾರಲಿಲ್ಲ, ಹಣವನ್ನೂ ಎಣಿಸಲಿಲ್ಲ. ಕೊಂಡವರಿಗೆ ಅವನು ಏನಾದರೂ ಹೇಳಬೇಕೆಂದು ಯಾವ ಬಾಯಿಂದ ಕೇಳುವುದು? ವ್ಯಾಪಾರದ ನ್ಯಾಯದ ಲೆಕ್ಕದಲ್ಲಿ ಅವನು ಆ ಹೊಸಬರಿಗೆ ಮಾರಾಟಗಾರನಲ್ಲ. ಆದರೂ ಅವನ ಒಂದು ಮಾತಿನಿಂದ ಒಂದು ಜೀವ ಉಳಿಯುವುದಾದರೆ, ಅಲ್ಲಿ ವ್ಯಾಪಾರದ ಲೆಕ್ಕ ಮುಗಿದು ನೆರೆಯವನ ಪ್ರೀತಿಯ ಲೆಕ್ಕ ಆರಂಭವಾಗುತ್ತದೆ. ಆ ಪ್ರೀತಿಯನ್ನು ಅವನಿಂದ ಕಸಿದುಕೊಳ್ಳಲಾಗದು, ಬೇಡಬೇಕು. ಗಾಡಿ ಕೊಂಡವರು ಅವನ ಮನೆಗೆ ಹೋಗಿ, ‘ಅಣ್ಣಾ, ಇದು ನಿಮ್ಮ ಕೈಯಲ್ಲಿ ಪಳಗಿದ ಗಾಡಿ. ಇದರ ಗುಣ ನಿಮಗೆ ಗೊತ್ತು. ನನಗೆ ಸ್ವಲ್ಪ ಹೇಳಿಕೊಡಿ’ ಎಂದು ಕೇಳಿದರೆ ಹೇಗಿರುತ್ತದೆ? ಎಲ್ಲವನ್ನೂ ಕಳೆದುಕೊಂಡೆ ಎಂದುಕೊಂಡವನಿಗೆ, ಕೊಡಲು ತನ್ನಲ್ಲಿ ಇನ್ನೂ ಒಂದು ಉಳಿದಿದೆ ಎಂದು ತಿಳಿಯುತ್ತದೆ. ಜಪ್ತಿಗೆ ಸಿಗದ ಆಸ್ತಿ ಅದು.

ಹಾಗಾದರೆ ಕೇಳುವವರ ಕರ್ತವ್ಯವೂ ಒಂದಿದೆ. ನಮ್ಮಲ್ಲಿ ಅನೇಕರಿಗೆ ಕೇಳುವುದೆಂದರೆ ನಾಚಿಕೆ. ಹೆಂಡತಿ ಮಕ್ಕಳ ಮುಂದೆ, ಊರವರ ಮುಂದೆ ‘ನನಗೆ ಇದು ಗೊತ್ತಿಲ್ಲ’ ಎಂದರೆ ಗೌರವ ಹೋಗುತ್ತದೆ ಎಂಬ ಭಯ. ಪ್ರೇಷಿತರ ಕಾರ್ಯಕಲಾಪಗಳ ೮ನೆಯ ಅಧ್ಯಾಯದಲ್ಲಿ ಇಥಿಯೋಪಿಯದ ರಾಣಿಯ ಬೊಕ್ಕಸವನ್ನೇ ನೋಡಿಕೊಳ್ಳುತ್ತಿದ್ದ ದೊಡ್ಡ ಅಧಿಕಾರಿಯೊಬ್ಬನಿದ್ದಾನೆ. ತನ್ನ ರಥದಲ್ಲಿ ಕುಳಿತು ಪ್ರವಾದಿ ಯೆಶಾಯನ ಗ್ರಂಥವನ್ನು ಓದುತ್ತಿದ್ದಾನೆ. ಓದಿದ್ದು ಅರ್ಥವಾಗುತ್ತಿದೆಯೇ ಎಂದು ದಾರಿಹೋಕನಾದ ಫಿಲಿಪ್ಪ ಕೇಳಿದಾಗ, ತೋರಿಸಿಕೊಡುವವರಿಲ್ಲದೆ ಅದು ತನಗೆ ಹೇಗೆ ಸಾಧ್ಯವೆಂದು ಅವನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ಫಿಲಿಪ್ಪನನ್ನು ರಥಕ್ಕೆ ಹತ್ತಿಸಿಕೊಳ್ಳುತ್ತಾನೆ. ಆ ಪ್ರಯಾಣ ದೀಕ್ಷಾಸ್ನಾನದಲ್ಲಿ ಮುಗಿಯಿತು. ‘ಗೊತ್ತಿಲ್ಲ’ ಎಂಬ ಒಂದು ಮಾತಿನಿಂದ ಅವನ ಬಾಳು ತಿರುಗಿತು.

ನಾಚಿಕೆಯ ಜೊತೆಗೆ ಇನ್ನೊಂದು ದೋಷವಿದೆ, ಆತುರ. ತಿಳಿಯದ ಲಿವರನ್ನು ಕಂಡರೆ ‘ಇದು ಬೇಡದ್ದು’ ಎಂದು ಕಿತ್ತುಹಾಕುವ ಆತುರ. ಹೈಡ್ರಾಲಿಕ್ಕಿನ ಆ ಎರಡನೆಯ ಲಿವರನ್ನು ನೋಡಿ. ಎಷ್ಟೋ ಜನ ಅದನ್ನು ಮುಟ್ಟುವುದೇ ಇಲ್ಲ. ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕಿ ಎಳೆತ ಹೆಚ್ಚಾದಾಗ ಅದನ್ನು ತಾನಾಗಿಯೇ ತುಸು ಮೇಲೆತ್ತುವ ಏರ್ಪಾಡಿಗೆ ಸೇರಿದ್ದು ಅದು. ಹಿಂದಿನ ಕಾಲದ ಟ್ರ್ಯಾಕ್ಟರುಗಳು, ಎಳೆಯುತ್ತಿದ್ದ ನೇಗಿಲು ಬಂಡೆಗೆ ತಗುಲಿದಾಗ ಮುಂಭಾಗ ಮೇಲೆದ್ದು ಹಿಂದಕ್ಕೆ ಮಗುಚಿ, ನಡೆಸುವವರ ಪ್ರಾಣ ತೆಗೆಯುತ್ತಿದ್ದವು. ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗುಸನ್ ವರ್ಷಗಟ್ಟಲೆ ದುಡಿದು ನೇಗಿಲನ್ನೂ ಗಾಡಿಯನ್ನೂ ಒಂದೇ ಅಂಗವಾಗಿ ಜೋಡಿಸುವ ಈ ವಿಧಾನವನ್ನು ರೂಪಿಸಿದ. ಅದರಿಂದ ಆ ಅಪಾಯವೂ ತಗ್ಗಿತು. ನಮಗೆ ಅರ್ಥವಾಗದ್ದು ಅರ್ಥವಿಲ್ಲದ್ದಲ್ಲ. ಅದನ್ನು ಅಲ್ಲಿ ಇಟ್ಟವರಿಗೆ ಒಂದು ಕಾರಣವಿತ್ತು.

ನಮ್ಮ ಕೃಷ್ಣರಾಜನಗರ ತಾಲ್ಲೂಕಿನ ದೋರನಹಳ್ಳಿಗೆ ನೀವು ಹೋಗಿರುತ್ತೀರಿ. ೨೦೧೯ರಲ್ಲಿ ಬಸಿಲಿಕಾ ಗೌರವ ಪಡೆದ ಆ ಪುಣ್ಯಕ್ಷೇತ್ರದ ಹುಟ್ಟಿನ ಬಗ್ಗೆ ಹಿರಿಯರು ಹೇಳುವ ಕತೆಯೂ ಇದನ್ನೇ ಕಲಿಸುತ್ತದೆ. ಸುಮಾರು ಇನ್ನೂರು ವರ್ಷಗಳ ಹಿಂದೆ ಹೊಲ ಉಳುತ್ತಿದ್ದ ರೈತನಿಗೆ ಒಂದು ಪ್ರತಿಮೆ ಸಿಕ್ಕಿತಂತೆ. ಅದು ಯಾರದೆಂದು ಅವನಿಗೆ ತಿಳಿಯಲಿಲ್ಲ. ಗೊಂಬೆಯೆಂದುಕೊಂಡು ಮಕ್ಕಳಿಗೆ ಆಡಲು ಕೊಟ್ಟ. ಬಹಳ ಕಷ್ಟಗಳನ್ನು ಕಂಡ ಮೇಲೆ, ಬಲ್ಲವರು ಗುರುತು ಹೇಳಿದ ಮೇಲೆ, ಅದು ಸಂತ ಅಂತೋಣಿಯವರ ಪ್ರತಿಮೆ ಎಂದು ತಿಳಿಯಿತು. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತರೆಂದು ನಾವು ಮೊರೆಯಿಡುವವರೇ ಹೀಗೆ ಗುರುತಿಲ್ಲದೆ ಮಣ್ಣಿನಲ್ಲಿದ್ದರು. ವಸ್ತು ಕೈಗೆ ಬಂದರೆ ಸಾಲದು, ಅದು ಏನೆಂದು ಹೇಳುವವರು ಬೇಕು.

ಈಗ ನಮ್ಮ ಮನೆಯೊಳಗೆ ಬರೋಣ. ಹೊಸದಾಗಿ ಬಂದ ಸೊಸೆಗೆ ಇಡೀ ಮನೆಯೇ ಬರಹವಿಲ್ಲದ ಸ್ವಿಚ್ಚುಗಳ ಫಲಕ. ಯಾವ ಮಾತಿಗೆ ಮಾವನವರು ಮುನಿಯುತ್ತಾರೆ, ಯಾವ ಡಬ್ಬಿಯನ್ನು ಅತ್ತೆಯವರು ಯಾರಿಗೂ ಮುಟ್ಟಗೊಡುವುದಿಲ್ಲ, ಅವಳಿಗೆ ಹೇಗೆ ಗೊತ್ತಾಗಬೇಕು? ಮೊದಲು ಹೇಳಿಕೊಡದೆ, ಆಮೇಲೆ ‘ಇಷ್ಟೂ ಗೊತ್ತಿಲ್ಲವೇ’ ಎಂದು ಗದರುವುದು ಕೊಂಡಿ ಮುರಿದ ಗಾಡಿ ಕೊಟ್ಟು ಹೊರಳಿದಾಗ ನಕ್ಕಂತೆ. ಹಾಗೆಯೇ ಬೋರ್‌ವೆಲ್ಲಿನ ಸ್ಟಾರ್ಟರ್, ಬ್ಯಾಂಕಿನ ಸಾಲ, ಪಹಣಿಯ ತಕರಾರು, ಎಲ್ಲವನ್ನೂ ತಮ್ಮ ತಲೆಯಲ್ಲೇ ಇಟ್ಟುಕೊಂಡು ಕಣ್ಣುಮುಚ್ಚುವ ತಂದೆಯರಿದ್ದಾರೆ. ಅವರು ಬಿಟ್ಟುಹೋಗುವುದು ಆಸ್ತಿಯಲ್ಲ, ಒಗಟು.

ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ವಿಶ್ವಾಸ. ಜಪಸರವನ್ನು ಮಕ್ಕಳ ಕೈಗೆ ಕೊಟ್ಟಿದ್ದೇವೆ. ರಹಸ್ಯಗಳ ಅರ್ಥ ಹೇಳಿದ್ದೇವೆಯೇ? ಬಲಿಪೂಜೆಗೆ ಎಳೆದುಕೊಂಡು ಹೋಗುತ್ತೇವೆ; ಏಕೆ ಮೊಣಕಾಲೂರುತ್ತೇವೆಂದು ಅವರು ಕೇಳಿದರೆ ‘ಸುಮ್ಮನಿರು’ ಎನ್ನುತ್ತೇವೆ. ಹದಿನೆಂಟರ ವಯಸ್ಸಿನಲ್ಲಿ ಅವರು ಪಾಪನಿವೇದನೆಯನ್ನು ಉಪಯೋಗವಿಲ್ಲದ ಹಳೆಯ ಲಿವರೆಂದು ಬಿಟ್ಟುಬಿಟ್ಟರೆ, ಮಗುಚುವ ಹೊತ್ತಿಗೆ ಅದೇ ಅವರನ್ನು ಹಿಡಿದು ನಿಲ್ಲಿಸುವಂಥದ್ದೆಂದು ನಾವು ಹೇಳಿರಲಿಲ್ಲ ಎಂಬುದನ್ನು ಮರೆಯಬಾರದು. ಲೂಕನ ಶುಭಸಂದೇಶದ ೧೧ನೆಯ ಅಧ್ಯಾಯದಲ್ಲಿ ಪ್ರಭು ಯೇಸು ಧರ್ಮಶಾಸ್ತ್ರಿಗಳನ್ನು ಗದರುವುದು ಇದಕ್ಕಾಗಿಯೇ. ತಿಳಿವಳಿಕೆಯ ಕೀಲಿಕೈಯನ್ನು ಅವರು ಎತ್ತಿಕೊಂಡುಬಿಟ್ಟರು. ತಾವೂ ಒಳಹೋಗಲಿಲ್ಲ, ಹೋಗುವವರಿಗೂ ಅಡ್ಡಿಯಾದರು.

ಆದ್ದರಿಂದ ಈ ವಾರ ಒಂದು ಸಣ್ಣ ಕೆಲಸ ಮಾಡೋಣ. ನಿಮ್ಮ ಕೈಯಿಂದ ಏನಾದರೂ ಇನ್ನೊಬ್ಬರ ಕೈಗೆ ಹೋಗುವುದಿದ್ದರೆ, ಗಾಡಿಯಾಗಲಿ, ಪಂಪ್‌ಸೆಟ್ಟಾಗಲಿ, ಬಾಡಿಗೆ ಮನೆಯಾಗಲಿ, ಒಂದು ಹಾಳೆಯಲ್ಲಿ ಬರೆದುಕೊಡಿ: ಇದು ಇದಕ್ಕೆ, ಇದು ಕೆಟ್ಟಿದೆ, ಇದರ ಬಳಿ ಹುಷಾರು. ಈಗಾಗಲೇ ಕೊಟ್ಟದ್ದರ ಬಗ್ಗೆ ಹೇಳದೆ ಉಳಿದ ಮಾತಿದ್ದರೆ ಇಂದೇ ಫೋನು ಮಾಡಿ. ತಡವಾಗಿ ಹೇಳಿದ್ದೂ ಜೀವ ಉಳಿಸುತ್ತದೆ. ನೀವು ಪಡೆದವರಾಗಿದ್ದರೆ ನಾಚಿಕೆ ಬಿಟ್ಟು ಕೇಳಿ. ಮಕ್ಕಳು ‘ಇದು ಏಕೆ?’ ಎಂದಾಗ ಐದು ನಿಮಿಷ ಕುಳಿತು ಉತ್ತರಿಸಿ. ನಿಮಗೂ ಗೊತ್ತಿಲ್ಲದಿದ್ದರೆ ಅವರನ್ನು ಕರೆದುಕೊಂಡು ಹೋಗಿ ಗುರುಗಳನ್ನು ಕೇಳಿ.

ಕೊಡುವಾಗ ಏನನ್ನೂ ಬಚ್ಚಿಡದ ಪ್ರಾಮಾಣಿಕತೆಯನ್ನೂ, ಪಡೆಯುವಾಗ ಕೇಳಿ ಕಲಿಯುವ ದೀನತೆಯನ್ನೂ ಪ್ರಭು ನಮ್ಮೆಲ್ಲರ ಕುಟುಂಬಗಳಿಗೆ ದಯಪಾಲಿಸಲಿ.