ಸಂಶಯದಿಂದ ನಿರ್ಣಯದೆಡೆಗೆ



ಶ್ರೀಮಠಕ್ಕೆ ಬರುವ ಭಕ್ತರ ಬಾಯಿಂದ ನಾವು ಮೇಲಿಂದ ಮೇಲೆ ಕೇಳುತ್ತಿರುವ ಮಾತೊಂದಿದೆ: “ಬುದ್ಧೀ, ಎಲ್ಲರೂ ಕಳ್ಳರೇ.” ಪಹಣಿಗಾಗಿ ಕಚೇರಿಗೆ ಅಲೆದು ಬಂದ ರೈತನೂ ಈ ಮಾತನ್ನಾಡುತ್ತಾನೆ, ಅಂಗಡಿಯ ವರ್ತಕನೂ ಆಡುತ್ತಾನೆ, ಮೂವತ್ತು ವರ್ಷ ಸರ್ಕಾರದ ಸೇವೆಯಲ್ಲಿದ್ದು ನಿವೃತ್ತರಾದವರೂ ಆಡುತ್ತಾರೆ. ಮಂತ್ರಿ ಕಳ್ಳ, ಗುಮಾಸ್ತ ಕಳ್ಳ, ಅವರನ್ನು ವಿರೋಧಿಸುವವನೂ ಕಳ್ಳ, ವಿರೋಧವನ್ನು ವರದಿ ಮಾಡುವವನೂ ಕಳ್ಳ. ನಮ್ಮನ್ನು ಚಿಂತೆಗೀಡುಮಾಡಿದ್ದು ಈ ಮಾತಿನ ಕಾಠಿಣ್ಯವಲ್ಲ. ಅದನ್ನು ಆಡುವವರ ಮುಖದಲ್ಲಿ ನೋವು ಕಾಣದಿರುವುದು. ಮನೆಯಲ್ಲಿ ಕಳವಾದರೆ ಯಾರೂ ನಗುವುದಿಲ್ಲ. ದೇಶದಲ್ಲಿ ಕಳವಾಗಿದೆಯೆಂದು ಹೇಳುವಾಗ ಮಾತ್ರ ನಗುತ್ತೇವೆ. ಇದೇಕೆ? ಈ ಪ್ರಶ್ನೆಯನ್ನು ಈ ಸಲ ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇವೆ.

ಆಳುವವರನ್ನು ಸಂಶಯದಿಂದ ನೋಡುವುದು ಪಾಪವಲ್ಲವೆಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. ನಮ್ಮ ಸಂವಿಧಾನವೇ ಆ ಸಂಶಯಕ್ಕೆ ಪೀಠ ಹಾಕಿಕೊಟ್ಟಿದೆ. ಸರ್ಕಾರದ ಲೆಕ್ಕವನ್ನು ಪರೀಕ್ಷಿಸಲು ಮಹಾಲೇಖಪಾಲರಿದ್ದಾರೆ; ಆಜ್ಞೆಯನ್ನು ಪ್ರಶ್ನಿಸಲು ನ್ಯಾಯಾಲಯಗಳಿವೆ. ಸ್ವಾತಂತ್ರ್ಯ ಬಂದ 1947ರಲ್ಲಿಯೇ ಭ್ರಷ್ಟಾಚಾರ ತಡೆ ಕಾಯಿದೆಯೂ ಬಂದಿತು. ಶ್ರೀ ಸಂತಾನಂ ಅವರ ಅಧ್ಯಕ್ಷತೆಯಲ್ಲಿ 1962ರಲ್ಲಿ ನೇಮಕವಾದ ಸಮಿತಿ 1964ರಲ್ಲಿ ವರದಿ ಒಪ್ಪಿಸಿತು. ಅದರ ಫಲವಾಗಿ ಕೇಂದ್ರ ಜಾಗೃತ ಆಯೋಗ ಸ್ಥಾಪಿತವಾಯಿತು. ಆದುದರಿಂದ ಅಪನಂಬಿಕೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ, ಅದು ಅಧರ್ಮವೂ ಅಲ್ಲ. ಪ್ರಶ್ನೆಯಿರುವುದು ಬೇರೆ ಕಡೆ: ಹುಟ್ಟಿದ ಸಂಶಯ ಮುಂದೆ ಏನಾಗಬೇಕು?

ನ್ಯಾಯದರ್ಶನದಲ್ಲಿ ಗೌತಮರು ಎಣಿಸಿದ ಹದಿನಾರು ಪದಾರ್ಥಗಳಲ್ಲಿ ಸಂಶಯವು ಮೂರನೆಯದು, ನಿರ್ಣಯವು ಒಂಬತ್ತನೆಯದು. ನಡುವಿನ ಹಾದಿಯಲ್ಲಿ ದೃಷ್ಟಾಂತವಿದೆ, ತರ್ಕವಿದೆ, ಶ್ರಮವಿದೆ. ಮುಸ್ಸಂಜೆಯಲ್ಲಿ ದೂರದಲ್ಲೊಂದು ಆಕಾರ ಕಾಣುತ್ತದೆ. ಅದು ಮೋಟುಮರವೋ ಮನುಷ್ಯನೋ ತಿಳಿಯದು. ಇದು ಸಂಶಯಕ್ಕೆ ಶಾಸ್ತ್ರಕಾರರು ಕೊಡುವ ಪ್ರಸಿದ್ಧ ಉದಾಹರಣೆ. ವಿವೇಕಿಯಾದವನು ದೀಪ ಹಿಡಿದು ಹತ್ತಿರ ಹೋಗುತ್ತಾನೆ. ಇನ್ನೊಬ್ಬನು ಜಗಲಿಯ ಮೇಲೆ ಕುಳಿತೇ “ಅದು ಕಳ್ಳನೇ” ಎಂದುಬಿಡುತ್ತಾನೆ. ಇವನನ್ನು ಸಂಶಯಿ ಎನ್ನಲಾದೀತೆ? ಇವನಲ್ಲಿ ಸಂಶಯ ಎಲ್ಲಿದೆ? “ಎಲ್ಲರೂ ಕಳ್ಳರೇ” ಎಂಬುದು ಸಂಶಯದ ವೇಷ ತೊಟ್ಟ ತೀರ್ಪು. ಪ್ರಮಾಣವಿಲ್ಲದೆ, ಹೆಜ್ಜೆ ಎತ್ತಿಡದೆ ಕೊಟ್ಟ ತೀರ್ಪು.

ದೀಪ ಹಿಡಿದು ಹತ್ತಿರ ಹೋದವರೂ ನಮ್ಮ ದೇಶದಲ್ಲಿದ್ದಾರೆ. ರಾಜಸ್ಥಾನದಲ್ಲಿ ಬರಪರಿಹಾರದ ಕಾಮಗಾರಿಗಳಲ್ಲಿ ಮಣ್ಣು ಹೊತ್ತ ಕೂಲಿಕಾರರಿಗೆ ನಿಗದಿಯಾದ ಕೂಲಿ ಕೈಗೆ ಬರುತ್ತಿರಲಿಲ್ಲ. 1990ರಲ್ಲಿ ಅವರು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯನ್ನು ಕಟ್ಟಿಕೊಂಡರು. ಅವರು ಕೇಳಿದ್ದು ಯಾರ ತಲೆಯನ್ನೂ ಅಲ್ಲ. ಹಾಜರಿ ಪಟ್ಟಿಯ ಮತ್ತು ರಸೀದಿಗಳ ನಕಲನ್ನು. 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಗ್ರಾಮದಲ್ಲಿ ಮೊದಲ ಜನಸುನವಾಯಿ, ಅಂದರೆ ಬಹಿರಂಗ ವಿಚಾರಣೆ ನಡೆಯಿತು. ಕಾಗದದಲ್ಲಿದ್ದುದನ್ನು ಊರ ಮುಂದೆ ಗಟ್ಟಿಯಾಗಿ ಓದಲಾಯಿತು. ಇಂತಹ ಸಭೆಗಳಲ್ಲಿ, ಮಾಡದ ಕೆಲಸಕ್ಕೆ ಬಿದ್ದ ಬಿಲ್ಲುಗಳೂ ಕೆಲಸಕ್ಕೇ ಬಾರದವರ ಹೆಸರಿಗೆ ಬರೆದ ಕೂಲಿಯೂ ಎಲ್ಲರೆದುರು ಬಯಲಾದವು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ಅವರು ನಲವತ್ತು ದಿನ ಧರಣಿ ಕುಳಿತರು. ಈ ದೀರ್ಘ ಹೋರಾಟವೂ ಒಂದು ಮುಖ್ಯ ಕಾರಣವಾಗಿ 2005ರಲ್ಲಿ ಮಾಹಿತಿ ಹಕ್ಕು ಕಾಯಿದೆ ಬಂದಿತು. ಅಕ್ಷರ ಬಾರದ ಅನೇಕರು ಅಕ್ಷರದ ಲೆಕ್ಕವನ್ನು ಕೇಳಿದರು. ಅವರ ಸಂಶಯ ನಿರ್ಣಯದವರೆಗೆ ನಡೆದು ಹೋಯಿತು.

ಇನ್ನೊಂದು ಚಿತ್ರವನ್ನೂ ನೋಡೋಣ. ಉನ್ನತ ಸ್ಥಾನದಲ್ಲಿರುವವರ ಮೇಲಿನ ದೂರುಗಳನ್ನು ವಿಚಾರಿಸುವ ಲೋಕಪಾಲರ ಮಸೂದೆ ಲೋಕಸಭೆಗೆ ಮೊದಲು ಬಂದದ್ದು 1968ರಲ್ಲಿ. ಅನಂತರ ಅದು ಹಲವು ಸಲ ಬಂದು, ಹಲವು ಸಲ ಬಿದ್ದುಹೋಯಿತು. 2011ರಲ್ಲಿ ಶ್ರೀ ಅಣ್ಣಾ ಹಜಾರೆಯವರು ಏಪ್ರಿಲಿನಲ್ಲಿ ಜಂತರ್ ಮಂತರಿನಲ್ಲಿಯೂ ಆಗಸ್ಟಿನಲ್ಲಿ ರಾಮಲೀಲಾ ಮೈದಾನದಲ್ಲಿಯೂ ಉಪವಾಸ ಕುಳಿತಾಗ ದೂರದರ್ಶನ ವಾಹಿನಿಗಳು ಹಗಲಿರುಳೆನ್ನದೆ ಅದನ್ನೇ ತೋರಿಸಿದವು. ನಮ್ಮ ಊರಿನ ಯುವಕರೂ ಮೇಣದಬತ್ತಿ ಹಿಡಿದು ಬೀದಿಯಲ್ಲಿ ನಡೆದರು. ನಾವೂ ಅವರನ್ನು ಹರಸಿದೆವು. 2013ರ ಡಿಸೆಂಬರಿನಲ್ಲಿ ಕಾಯಿದೆ ಅಂಗೀಕಾರವಾಯಿತು. ಆದರೆ ಮೊದಲ ಲೋಕಪಾಲರ ನೇಮಕವಾದದ್ದು 2019ರ ಮಾರ್ಚಿನಲ್ಲಿ. ನಡುವಿನ ಐದು ವರ್ಷ ಕಾಯಿದೆ ಇತ್ತು, ಕುರ್ಚಿ ಖಾಲಿ ಇತ್ತು. ಆಗ ಮೈದಾನದಲ್ಲಿ ಜನಸಾಗರವಿರಲಿಲ್ಲ, ಕ್ಯಾಮೆರಾಗಳೂ ಇರಲಿಲ್ಲ. ಪ್ರತಿಭಟಿಸಿದವರ ಪ್ರಾಮಾಣಿಕತೆಯನ್ನು ನಾವು ಅಲ್ಲಗಳೆಯುತ್ತಿಲ್ಲ. ಮೇಣದಬತ್ತಿ ಉರಿದಷ್ಟು ಹೊತ್ತು ಮಾತ್ರ ನಮ್ಮ ಸಂಶಯವೂ ಉರಿಯಿತಲ್ಲ ಎಂದು ನಮ್ಮನ್ನೂ ಸೇರಿಸಿಕೊಂಡು ಕೇಳುತ್ತಿದ್ದೇವೆ.

ಇಲ್ಲಿ ಪತ್ರಿಕೆ, ದೂರದರ್ಶನ ಮತ್ತು ಕೈಯೊಳಗಿನ ದೂರವಾಣಿಯ ಮಾತು ಬರುತ್ತದೆ. ನಮಗೆ ರಾಜ್ಯದ ಸಂಗತಿಗಳು ಪ್ರತ್ಯಕ್ಷವಲ್ಲ, ಶಬ್ದಪ್ರಮಾಣದಿಂದಲೇ ತಿಳಿಯಬೇಕು. ಶಬ್ದವು ಪ್ರಮಾಣವಾಗುವುದು ಅದನ್ನು ನುಡಿದವನು ಆಪ್ತನಾಗಿದ್ದರೆ ಮಾತ್ರ. ವಿಷಯವನ್ನು ಸಾಕ್ಷಾತ್ತಾಗಿ ಅರಿತವನು, ಅರಿತುದನ್ನು ಅರಿತಂತೆಯೇ ಹೇಳುವವನು ಆಪ್ತ. ಪತ್ರಿಕೆಗಳು ಆಪ್ತರಾಗಿ ನಡೆದ ಕಾಲವುಂಟು. ಬೊಫೋರ್ಸ್ ಫಿರಂಗಿ ವ್ಯವಹಾರದ ಸುದ್ದಿಯನ್ನು 1987ರಲ್ಲಿ ಸ್ವೀಡನ್ನಿನ ರೇಡಿಯೋ ಹೊರಗೆಡಹಿದ ಮೇಲೆ ನಮ್ಮ ಪತ್ರಕರ್ತರು ಮೂಲದಾಖಲೆಗಳನ್ನೇ ಹುಡುಕಿ ತೆಗೆದು ಪ್ರಕಟಿಸಿದರು. ಅದು ಆಪ್ತರ ಕೆಲಸ. ಇಂದಿನ ಸಂಜೆಯ ಚರ್ಚೆಗಳನ್ನೋ? ಶಾಸ್ತ್ರಕಾರರು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ: ತತ್ತ್ವವನ್ನರಿಯಲು ನಡೆಸುವ ವಾದ, ಗೆಲ್ಲಲು ನಡೆಸುವ ಜಲ್ಪ, ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಎದುರಿನವನನ್ನು ಕೆಡವಲು ಮಾತ್ರ ನಡೆಸುವ ವಿತಂಡ. ನಮ್ಮ ಮನೆಗಳಲ್ಲಿ ರಾತ್ರಿ ಒಂಬತ್ತಕ್ಕೆ ನಡೆಯುವುದು ಇವುಗಳಲ್ಲಿ ಯಾವುದೆಂದು ನೀವೇ ನಿರ್ಧರಿಸಿರಿ.

ವಿತಂಡದಲ್ಲಿ ಬೆಳೆದ ಮನಸ್ಸು ಎರಡು ಸತ್ಯಗಳನ್ನು ಏಕಕಾಲಕ್ಕೆ ಹಿಡಿಯಲಾರದು. 2ಜಿ ತರಂಗಾಂತರದ ಪ್ರಕರಣವನ್ನೇ ನೋಡಿರಿ. ಬೊಕ್ಕಸಕ್ಕೆ 1.76 ಲಕ್ಷ ಕೋಟಿ ರೂಪಾಯಿಗಳವರೆಗೆ ನಷ್ಟವಾಗಿರಬಹುದೆಂದು ಮಹಾಲೇಖಪಾಲರ ವರದಿ 2010ರಲ್ಲಿ ಅಂದಾಜುಮಾಡಿತು. 2012ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಹಂಚಿಕೆಯನ್ನು ಅಕ್ರಮವೆಂದು ಸಾರಿ 122 ಪರವಾನಗಿಗಳನ್ನು ರದ್ದುಮಾಡಿತು. 2017ರ ಡಿಸೆಂಬರಿನಲ್ಲಿ ವಿಶೇಷ ನ್ಯಾಯಾಲಯವು ಅಪರಾಧ ಸಾಬೀತಾಗಿಲ್ಲವೆಂದು ಆರೋಪಿಗಳೆಲ್ಲರನ್ನೂ ಬಿಡುಗಡೆಮಾಡಿತು. ಗ್ರಾಹ್ಯವಾದ ಸಾಕ್ಷ್ಯಕ್ಕಾಗಿ ತಾವು ವರ್ಷಗಟ್ಟಲೆ ಕಾದರೂ ಯಾರೂ ತರಲಿಲ್ಲ, ವದಂತಿಯಿಂದ ಹುಟ್ಟಿದ ಜನಾಭಿಪ್ರಾಯವೇ ಎಲ್ಲೆಡೆ ನಡೆಯಿತು ಎಂಬ ಅರ್ಥದಲ್ಲಿ ನ್ಯಾಯಾಧೀಶರು ಬರೆದರು. ಅದರ ಮೇಲಿನ ಮನವಿಯನ್ನು 2024ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ವಿಚಾರಣೆಗೆ ಅಂಗೀಕರಿಸಿತು. ಹಂಚಿಕೆ ಅಕ್ರಮವಾಗಿತ್ತು ಎಂಬುದೊಂದು, ಇಂತಹವನು ಲಂಚ ತಿಂದನೆಂಬುದು ಇನ್ನೊಂದು. ಮೊದಲನೆಯದರಿಂದ ಎರಡನೆಯದು ತಾನಾಗಿ ಸಿದ್ಧಿಸುವುದಿಲ್ಲ. ಈ ಭೇದವನ್ನು ತಾಳ್ಮೆಯಿಂದ ಅರಿತವರು ಎಷ್ಟು ಮಂದಿ? ಕೆಲವರು 2010ರಲ್ಲಿಯೇ ಶಿಕ್ಷೆ ವಿಧಿಸಿ ಮುಗಿಸಿದ್ದರು. ಕೆಲವರು 2017ರಲ್ಲಿ ಏನೂ ನಡೆದೇ ಇರಲಿಲ್ಲವೆಂದು ಸಾರಿದರು.

ನಮ್ಮ ನಾಡಿನ ಅನುಭವವೂ ಪಾಠ ಕಲಿಸುವಂಥದೇ. 1984ರ ಕಾಯಿದೆಯಿಂದ ಹುಟ್ಟಿದ ಕರ್ನಾಟಕದ ಲೋಕಾಯುಕ್ತ ಸಂಸ್ಥೆ 2011ರ ಜುಲೈನಲ್ಲಿ ಬಳ್ಳಾರಿ ಸೀಮೆಯ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟಾಗ, ಅದೇ ತಿಂಗಳ ಕೊನೆಗೆ ಮುಖ್ಯಮಂತ್ರಿಗಳು ರಾಜೀನಾಮೆಯಿತ್ತರು. ಜನ ಆ ಸಂಸ್ಥೆಯನ್ನು ದೇವಸ್ಥಾನದಂತೆ ಕಂಡರು. ನಾಲ್ಕೇ ವರ್ಷಗಳಲ್ಲಿ, 2015ರಲ್ಲಿ, ಆ ಕಚೇರಿಯ ಹೆಸರಿನಲ್ಲಿಯೇ ಸುಲಿಗೆ ನಡೆದ ಆರೋಪ ಬಂದು, ವರ್ಷಾಂತ್ಯಕ್ಕೆ ಅಂದಿನ ಲೋಕಾಯುಕ್ತರೇ ಸ್ಥಾನ ಬಿಟ್ಟರು. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳವೆಂಬ ಬೇರೊಂದು ಸಂಸ್ಥೆ ಹುಟ್ಟಿತು. 2022ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿ ಅಧಿಕಾರವನ್ನು ಲೋಕಾಯುಕ್ತಕ್ಕೇ ಮರಳಿಸಿತು. ಕಾವಲುಗಾರನನ್ನು ನೇಮಿಸಿ ನಾವು ಮಲಗಿಬಿಟ್ಟರೆ ಆಗುವುದೇ ಹೀಗೆ. ದೇವರಂತೆ ನಂಬುವುದು, ಅನಂತರ ದೆವ್ವವೆಂದು ಹಳಿಯುವುದು, ಎರಡೂ ಒಂದೇ ಸೋಮಾರಿತನದ ಎರಡು ಮುಖಗಳು.

ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದಾಗ, ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ದೂರಿದವರ ಕಥೆಯನ್ನು ಪುರಾಣಗಳಿಂದ ನೀವೆಲ್ಲ ಕೇಳಿದ್ದೀರಿ. ನನ್ನನ್ನೇ ಸಂಶಯಿಸುವಿರಾ ಎಂದು ಅವರು ಸಿಡುಕಲಿಲ್ಲ. ಲೆಕ್ಕ ಎಣಿಸಿಕೊಳ್ಳಿರೆಂದು ಭಂಡಾರವನ್ನು ತೆರೆದಿಟ್ಟರು. ಲೆಕ್ಕ ಕೇಳುವುದು ದ್ರೋಹವಲ್ಲ, ಲೆಕ್ಕ ಕೊಡುವುದು ಅವಮಾನವಲ್ಲ. ಇದನ್ನು ಆಳುವವರಿಗೆ ಉಪದೇಶಿಸುವ ಮುನ್ನ ನಾವೂ ಒಂದು ಲೆಕ್ಕ ಒಪ್ಪಿಸಬೇಕಾಗಿದೆ.

ನಾವು ಈ ಪೀಠಕ್ಕೆ ಬಂದ ಕೆಲವು ವರ್ಷಗಳ ಮೇಲೆ ವಿದ್ಯಾರ್ಥಿನಿಲಯಕ್ಕೆ ಹೊಸ ಕಟ್ಟಡ ಕಟ್ಟಿಸಬೇಕಾಯಿತು. ನಕ್ಷೆಯ ಮಂಜೂರಾತಿ ತಿಂಗಳುಗಟ್ಟಲೆ ಬರಲಿಲ್ಲ. ಒಂದು ವಾರ ಇದ್ದಕ್ಕಿದ್ದಂತೆ ಬಂದಿತು. ಆ ತಿಂಗಳ ಲೆಕ್ಕದಲ್ಲಿ “ಇತರೆ ವೆಚ್ಚ” ಎಂಬ ಸಾಲೊಂದು ದಪ್ಪವಾಗಿತ್ತು. ನಾವು ಅದನ್ನು ಕಂಡೆವು, ಕೇಳಲಿಲ್ಲ. ಅದೇ ಮಾಸದಲ್ಲಿ ಭ್ರಷ್ಟಾಚಾರವನ್ನು ಕುರಿತು ನಾವು ಮಾಡಿದ ಪ್ರವಚನಕ್ಕೆ ದೀರ್ಘ ಕರತಾಡನವಾಗಿತ್ತು. ಎಲ್ಲರೂ ಕಳ್ಳರೇ ಎಂದು ನಂಬಿದ್ದುದರಿಂದಲೇ ನಾವು ಕೇಳದೆ ಉಳಿದೆವು. ಆ ನಂಬಿಕೆಯೇ ನಮಗೆ ಅಪ್ಪಣೆಚೀಟಿಯಾಯಿತು. ಆರಂಭದಲ್ಲಿ ಹೇಳಿದ ಆ ನಗೆಯ ಅರ್ಥ ನಮಗೆ ಹೊಳೆದದ್ದು ಇಲ್ಲಿ. ಎಲ್ಲರೂ ಕಳ್ಳರಾದರೆ ನಾನೊಬ್ಬ ಕೊಟ್ಟರೇನು, ತೆಗೆದುಕೊಂಡರೇನು ಎಂಬ ನಿರಾಳವೇ ಆ ನಗೆ. 2018ರ ತಿದ್ದುಪಡಿಯಂತೆ ಲಂಚ ಕೊಟ್ಟವನೂ ಅಪರಾಧಿಯೇ. ಬಲವಂತಕ್ಕೊಳಗಾಗಿ ಕೊಟ್ಟವನು ಏಳು ದಿನಗಳೊಳಗೆ ತಿಳಿಸಿದರೆ ಮಾತ್ರ ವಿನಾಯಿತಿ. ಕಾನೂನು ಹೇಳುವ ಮೊದಲೇ ಧರ್ಮ ಅದನ್ನು ಹೇಳಿತ್ತು.

ಅನಂತರ ನಿಲಯದ ಸ್ನಾನಗೃಹಗಳ ಸರದಿ ಬಂದಾಗ, ಒಂದು ಕಾಸನ್ನೂ ಕೊಡಕೂಡದೆಂದು ನಿಶ್ಚಯಿಸಿದೆವು. ಮಂಜೂರಾತಿಗೆ ಹನ್ನೊಂದು ತಿಂಗಳು ಹಿಡಿಯಿತು. ಆಗ ನಿಲಯದಲ್ಲಿದ್ದವರಿಗೆ ಆ ಮಳೆಗಾಲ ನೆನಪಿರಬಹುದು. ಬಯಲಿನಲ್ಲಿ ನಿಂತು ಸ್ನಾನಮಾಡಿದಿರಿ. ಒಬ್ಬ ತಾಯಿ ಬಂದು, “ನಿಮ್ಮ ವ್ರತಕ್ಕೆ ನಮ್ಮ ಮಗು ಚಳಿಯಲ್ಲಿ ನಡುಗಬೇಕೆ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಇಂದಿಗೂ ಪೂರ್ಣವಾದ ಉತ್ತರವಿಲ್ಲ.

ಕೊನೆಗೆ ವಕೀಲರಾಗಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಹತ್ತು ರೂಪಾಯಿ ಶುಲ್ಕ ಕಟ್ಟಿ, ನಮ್ಮ ಕಡತ ಯಾವ ದಿನ ಯಾರ ಮೇಜಿನ ಮೇಲಿತ್ತೆಂದು ಮಾಹಿತಿ ಹಕ್ಕಿನಡಿ ಕೇಳಿದರು. ಉತ್ತರ ಬಂದಿತು. ಕಡತವನ್ನು ಅಧಿಕಾರಿಯೊಬ್ಬರು ಕಾರಣವಿಲ್ಲದೆ ಆರು ತಿಂಗಳು ಹಿಡಿದಿಟ್ಟದ್ದು ನಿಜವಾಗಿತ್ತು. ಆದರೆ ಅದಕ್ಕೆ ಮುಂಚಿನ ಮೂರು ತಿಂಗಳ ವಿಳಂಬ ನಮ್ಮದೇ ಆಗಿತ್ತು: ನಾವು ಕೊಟ್ಟ ನಕ್ಷೆಗೆ ಸಹಿಯೇ ಬಿದ್ದಿರಲಿಲ್ಲ. ಕೆಳಗಿನ ಗುಮಾಸ್ತನೊಬ್ಬ ಅದನ್ನು ಎರಡು ಸಲ ಪತ್ರ ಬರೆದು ತಿಳಿಸಿದ್ದ; ಪತ್ರಗಳು ಮಠದ ಕಚೇರಿಯಲ್ಲಿಯೇ ಬಿದ್ದಿದ್ದವು. ಆ ಮೂರು ತಿಂಗಳೂ ನಾವು ಆ ಗುಮಾಸ್ತನನ್ನು ಕಳ್ಳನೆಂದೇ ಕರೆದಿದ್ದೆವು. ಸಭೆಯಲ್ಲಿ ನಮ್ಮ ಮಾತಿಗೆ ತಲೆದೂಗಿದವರಾರೂ ಅವನನ್ನು ಕಂಡವರಲ್ಲ.

ಸದ್ಭಕ್ತರೇ, “ಎಲ್ಲರೂ ಕಳ್ಳರೇ” ಎಂಬ ಮಾತಿನಿಂದ ಆಗುವ ಅನ್ಯಾಯ ಇದೇ. ಕಡತ ಹಿಡಿದಿಟ್ಟವನು ಆ ಗುಂಪಿನಲ್ಲಿ ಸುಖವಾಗಿ ಮರೆಯಾಗುತ್ತಾನೆ. ಎರಡು ಸಲ ಪತ್ರ ಬರೆದವನು ಒಂಟಿಯಾಗುತ್ತಾನೆ. ಪ್ರಾಮಾಣಿಕನಾಗಿ ಉಳಿದುದಕ್ಕೆ ಅವನಿಗೆ ಸಿಕ್ಕುವ ಪ್ರತಿಫಲ ಕಳ್ಳನೆಂಬ ಹೆಸರೇ ಆದರೆ, ನಾಳೆ ಅವನು ಪ್ರಾಮಾಣಿಕನಾಗಿ ಏಕೆ ಉಳಿಯಬೇಕು?

ಆ “ಇತರೆ ವೆಚ್ಚ” ಏನೆಂಬುದನ್ನು ಈ ಸಲದ ಜಾತ್ರೆಯ ಸಭೆಯಲ್ಲಿ ಅದರ ನಿಜವಾದ ಹೆಸರಿನಿಂದ ಓದಿಸಲಿದ್ದೇವೆ. ಮಠದ ವರ್ಷದ ಲೆಕ್ಕವೂ ಅಂದು ನಿಮ್ಮೆದುರು ತೆರೆದಿರುತ್ತದೆ. ಕೇಳಬೇಕಾದುದನ್ನು ಸಂಕೋಚವಿಲ್ಲದೆ ಕೇಳಿರಿ. ಈಚೆಗೆ ಯಾರಾದರೂ ನಮ್ಮೆದುರು “ಎಲ್ಲರೂ ಕಳ್ಳರೇ” ಎಂದಾಗ ನಾವು ವಾದಿಸಲು ಹೋಗುವುದಿಲ್ಲ. “ಯಾವ ಕಡತ? ಯಾವ ಮೇಜು? ಯಾವ ದಿನ?” ಎಂದಷ್ಟೇ ವಿಚಾರಿಸುತ್ತೇವೆ. ಉತ್ತರವಿದ್ದವರ ಜೊತೆಗೆ ವಕೀಲರನ್ನು ಕಳಿಸಿಕೊಡುತ್ತೇವೆ. ಉತ್ತರವಿಲ್ಲದವರು ಸ್ವಲ್ಪ ಹೊತ್ತು ಸುಮ್ಮನೆ ಕೂತು ಪ್ರಸಾದ ಸ್ವೀಕರಿಸಿ ಹೋಗುತ್ತಾರೆ. ಹಾಗೆ ಸುಮ್ಮನೆ ಕೂತವರಲ್ಲಿ ಕೆಲವರು ಮರುವಾರ ಕಾಗದ ಹಿಡಿದು ಮರಳಿ ಬಂದದ್ದೂ ಉಂಟು. ಸಂಶಯಪಡುವ ಧೈರ್ಯವೂ ಹತ್ತಿರ ಹೋಗಿ ನೋಡುವ ತಾಳ್ಮೆಯೂ ನಮಗೆಲ್ಲರಿಗೂ ಕೂಡಿಯೇ ಲಭಿಸಲೆಂದು ಹಾರೈಸುತ್ತೇವೆ.